ಎಡಗಾಲಿನ ಸುಳ್ಳು

ನಾಲ್ಕನೆಯ ಗುಂಡಿಗೆ ಬರುವಷ್ಟರಲ್ಲಿ ಅವಳ ಉಸಿರು ದಾರದ ಜೊತೆ ಹೆಜ್ಜೆ ಹಾಕತೊಡಗಿತ್ತು. ಸೂಜಿ ಮೇಲೆ, ಸೂಜಿ ಕೆಳಗೆ. ಟೈಲರ್ ಅಂಗಡಿಯಿಂದ ಬರುವ ಅಂಗಿಗಳಿಗೆ ಮನೆಯಲ್ಲೇ ಕೂತು ಗುಂಡಿ ಹೊಲಿಯುವುದು ಅವಳ ಕೆಲಸ. ಇಪ್ಪತ್ತು ವರ್ಷ ಪ್ರಾರ್ಥನಾ ಸಭೆಯಲ್ಲಿ ಹುಡುಕಿದರೂ ಸಿಗದ ನೆಮ್ಮದಿ ಇಲ್ಲಿ, ಈ ಗುಂಡಿಗಳ ನಡುವೆ ಸಿಕ್ಕಿತ್ತು. ಸಭೆ ಬಿಟ್ಟು ಮೂರು ವಾರವಾಗಿತ್ತು. ಬಿಟ್ಟೆ ಎಂದು ಯಾರಿಗೂ ಹೇಳಿರಲಿಲ್ಲ, ಕಾಲುನೋವು ಎಂದಿದ್ದಳು.

ಬಾಗಿಲು ತಟ್ಟಿದ ಸದ್ದು. ಎದುರುಮನೆಯಾಕೆ, ಕೈಯಲ್ಲಿ ಮುಲಾಮು.

“ಇನ್ನೂ ವಾಸಿಯಾಗಿಲ್ವಾ ಅಕ್ಕಾ? ಯಾವ ಕಾಲು, ತೋರ್ಸಿ.”

“ಎಡಗಾಲು.”

“ಹೋದ ವಾರ ಬಲಗಾಲು ಅಂದಿದ್ರಿ!”

“ಅಲ್ಲಿಂದ ಇಲ್ಲಿಗೆ ಬಂದಿದೆ.”

“ಅಯ್ಯೋ, ಓಡಾಡೋ ನೋವು! ಅದು ಬಹಳ ಕೆಟ್ಟದ್ದು.”

ಆಕೆ ಎರಡೂ ಕಾಲಿಗೆ ಮುಲಾಮು ಬಳಿದು ಹೋದಳು. ಸುದ್ದಿ ಕೈಜಾರಿದ ದಾರದುಂಡೆಯಂತೆ ಬೀದಿಯ ಕೊನೆಯವರೆಗೂ ಉರುಳಿತು. ಮಧ್ಯಾಹ್ನಕ್ಕೆ ಮಹಡಿ ಮನೆಯಿಂದ ಊರುಗೋಲು ಬಂತು. ಅದರ ಹಿಂದೆಯೇ ಸುದ್ದಿ ಕೇಳಿ ಅವಳ ಗಂಡ ಬಂದ.

“ನಡೆಯೋಕೇ ಆಗಲ್ವಂತೆ? ನಂಗ್ಯಾಕೆ ಹೇಳ್ಲಿಲ್ಲ? ಏಳ್ಲೇಬೇಡ ನೀನು,” ಎಂದು ಕುರ್ಚಿಯಲ್ಲಿ ಕಾಲು ಚಾಚಿದ. “ಒಂದು ಲೋಟ ಟೀ ಮಾಡ್ಕೊಟ್ಟು ಆರಾಮಾಗಿ ಕೂತ್ಕೋ.”

ಸಂಜೆ ಮತ್ತೆ ಅಂಗಿ ತೊಡೆಯ ಮೇಲೆ ಬಂತು. ಐದನೆಯ ಗುಂಡಿ. ಅಷ್ಟರಲ್ಲಿ ಅಂಗಳದ ತುಂಬ ಚಪ್ಪಲಿಗಳ ಸದ್ದು. ಇಡೀ ಸಭೆ ಚಾಪೆ ಸುತ್ತಿಕೊಂಡು ಬಂದಿತ್ತು! ಅವಳು ಅಂಗಿಯನ್ನು ಸೆರಗಿನಡಿ ತುರುಕಿದಳು.

“ನೀವು ಬರೋಕಾಗ್ತಿಲ್ಲ ಅಂತ ನಾವೇ ಬಂದ್ವಿ ತಾಯಿ,” ಎಂದರು ಸಭೆಯ ಹಿರಿಯರು. “ನಿಮ್ಮ ಕಾಲು ಸರಿಹೋಗೋವರೆಗೂ ಪ್ರತಿ ವಾರ ಸಭೆ ಇಲ್ಲೇ.”

“ಸರಿಹೋಗಿದೆ! ನೋಡಿ!” ಅವಳು ದಡಕ್ಕನೆ ಎದ್ದು ನಿಂತಳು.

ಹಿರಿಯರ ಕಣ್ಣು ಹೊಳೆಯಿತು. “ಪ್ರಾರ್ಥನೆ ಇನ್ನೂ ಶುರುವೇ ಮಾಡಿಲ್ಲ, ಆಗ್ಲೇ ಎದ್ದುಬಿಟ್ರು! ಹಾಗಾದ್ರೆ ಇನ್ಮೇಲೆ ಪ್ರತಿ ವಾರ ವೇದಿಕೆ ಹತ್ತಿ ನೀವೇ ಈ ಪವಾಡಾನ ಎಲ್ಲರಿಗೂ ಹೇಳ್ಬೇಕು.”

ಅವಳು ಮೆಲ್ಲಗೆ ಕೂತಳು. “ಇಲ್ಲ... ಮತ್ತೆ ಹಿಡ್ಕೊಳ್ತು.”

“ಯಾವ ಕಾಲು ಅಕ್ಕಾ?” ಗುಂಪಿನ ನಡುವಿನಿಂದ ಎದುರುಮನೆಯಾಕೆ ಕೇಳಿದಳು.

“ಎರಡೂ.”

ಎಲ್ಲರೂ ಪ್ರಾರ್ಥನೆಗೆ ಕಣ್ಣು ಮುಚ್ಚಿದರು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವಳು ಮುಚ್ಚಲಿಲ್ಲ. ಎದುರುಮನೆಯಾಕೆ ಆಗಲೇ ತೂಕಡಿಸುತ್ತಿದ್ದಳು. ಹಿರಿಯರು ಒಂದೇ ಕಣ್ಣು ತೆರೆದು ಗಡಿಯಾರ ನೋಡಿಕೊಂಡರು. ಎಲ್ಲರ ಮುಖದಲ್ಲೂ ಅವಳದೇ ದಣಿವು. ಇನ್ನು ಅರ್ಧ ಗಂಟೆ ಅವಳನ್ನು ಯಾರೂ ನೋಡುವುದಿಲ್ಲ.

ಸೆರಗಿನಡಿ ಕೈಯಾಡಿಸಿ ಸೂಜಿ ಹುಡುಕಿದಳು. ಸೂಜಿ ಮೇಲೆ, ಸೂಜಿ ಕೆಳಗೆ. ಆರನೆಯ ಗುಂಡಿಗೆ ಗಂಟು ಹಾಕುವಾಗ, ಈ ಕಾಲು ಸದ್ಯಕ್ಕೆ ವಾಸಿಯಾಗುವುದು ಬೇಡ ಎಂದು ತೀರ್ಮಾನಿಸಿದಳು.