ಹನುಮಪ್ಪ ಆರಿಸಿಕೊಟ್ಟ ಲೆನ್ಸು

ಫೋಟೋ ಕ್ಯಾಮೆರಾದಲ್ಲೇ ವಿಡಿಯೋ ಮಾಡುವವನು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಲೆನ್ಸಿನ ಮುಚ್ಚಳ ತೆಗೆದರೆ ಸಾಕು, ಅದೇ ಎದುರಿಗೆ ಬಂದು ನಿಲ್ಲುತ್ತದೆ. ಭಾಗ್ಯನಗರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ. ಬೆಳಿಗ್ಗೆ ಮೊದಲು ಹನುಮಪ್ಪನ ಪಟಕ್ಕೆ ಊದಿನಕಡ್ಡಿ, ಆಮೇಲೆ ಅದೇ ಹೊಗೆ ಕ್ಯಾಮೆರಾಕ್ಕೆ, ಆಮೇಲೆ ಕೆಲಸ. ಹೊಗೆ ಲೆನ್ಸಿಗೆ ಒಳ್ಳೆಯದಲ್ಲ ಅಂತ ತಿಳಿದವರು ಹೇಳುತ್ತಾರೆ. ಇರಬಹುದು. ನನಗೆ ಒಳ್ಳೆಯದು.

ಈಚೆಗೆ ಸಿದ್ದಾಪುರದ ಒಂದು ಮನೆಯ ಮದುವೆ ಒಪ್ಪಿಕೊಂಡೆ. ಮದುವೆ ಗಂಗಾವತಿಯ ಕಲ್ಯಾಣ ಮಂಟಪದಲ್ಲಿ. ಮದುಮಗಳ ಅಜ್ಜಿ ಕಾಲು ಮುರಿದುಕೊಂಡು ಮಂಚ ಹಿಡಿದಿದ್ದಳು. ಮಾತಾಡಲು ಹೋದ ನನ್ನ ಕೈ ಹಿಡಿದುಕೊಂಡಳು.

“ತಮ್ಮಾ, ಎಲ್ಲಾರೂ ಮದುವಿಗಿ ಹೊಕ್ಕಾರ, ನಾ ಒಬ್ಬಾಕಿ ಇಲ್ಲೇ ಬಿದ್ದಿರತೀನಿ. ತಾಳಿ ಕಟ್ಟೋದು ನನಗ ಟೀವಿಯಾಗ ಸ್ವಚ್ಛ ಕಾಣಂಗ ತಗಿ. ಹುಡುಗ ಕುಷ್ಟಗಿ ಊರಾಂವ. ಗುಡಿ ಮುಂದ ಹಾಯ್ದರ ಬೈಕ್ ಸೈತ ನಿಂದ್ರಸಂಗಿಲ್ಲಂತ. ದೇವರು ದಿಂಡರು ಅನ್ನಾಂವೋ ಅಲ್ಲೋ, ನಾ ನೋಡಿ ತಿಳ್ಕೊಬೇಕು. ಅಲ್ಲೀತನಾ ಜೀವಕ್ಕ ಸಮಾಧಾನಿಲ್ಲ ನೋಡು.”

ಆಯಿತು ಯವ್ವಾ ಎಂದು ಮಾತು ಕೊಟ್ಟು ಬಂದೆ. ತಾಳಿ ಕಟ್ಟುವುದು ಒಂದೇ ಸಲ. ತಪ್ಪಿತೆಂದರೆ ತಪ್ಪಿತು. ನನ್ನ ಹತ್ತಿರ ಇರುವುದು ನಾಲ್ಕು ಲೆನ್ಸು. ಯಾವುದನ್ನು ಒಯ್ಯಲಿ ಅಂತ ಮುಂದಿಟ್ಟುಕೊಂಡು ಕೂತರೆ, ಒಂದೊಂದೂ ತನ್ನ ಹಳೆಯ ಪ್ರತಾಪ ಹೇಳತೊಡಗಿತು.

ಗೊರಕೆಯ ಲೆನ್ಸು

ಇದು ಕ್ಯಾಮೆರಾದ ಜೊತೆಗೇ ಬಂದದ್ದು. ಚಿತ್ರ ಸ್ಪಷ್ಟ ಮಾಡಿಕೊಳ್ಳಲು ಒಳಗಿನ ಮೋಟರು ತಿರುಗುವಾಗ ‘ಗರ್ರ್’ ಅನ್ನುತ್ತದೆ. ಫೋಟೋದಲ್ಲಿ ಸಪ್ಪಳ ಯಾರಿಗೆ ಕೇಳಬೇಕು? ವಿಡಿಯೋದಲ್ಲಿ ಕೇಳುತ್ತದೆ. ಯಲಬುರ್ಗಾದಲ್ಲಿ ಒಂದು ಸತ್ಯನಾರಾಯಣ ಪೂಜೆ ಮಾಡಿಕೊಟ್ಟಿದ್ದೆ. ಮನೆಯ ಯಜಮಾನರು ಫೋನ್ ಮಾಡಿದರು.

“ಕಥಿ ಓದೂ ಮುಂದ ಯಾರೋ ಗೊರಕಿ ಹೊಡದಾರ್ರೀ. ನಮ್ಮ ಅಳಿಯಾನ ಇರಬೇಕು.”

ನಿರಪರಾಧಿಗೆ ಶಿಕ್ಷೆಯಾದೀತೆಂದು ಆ ಹೊತ್ತಿಗೇ ಹೊರಟೆ. ಹೋಗಿ ನೋಡಿದರೆ ಅಳಿಯ ತಲೆ ತಗ್ಗಿಸಿಕೊಂಡು ಕಂಬಕ್ಕೊರಗಿ ನಿಂತಿದ್ದಾನೆ.

“ಯಜಮಾನ್ರ, ಪಾಪ ಅವರದಲ್ರೀ, ಅದು ನಮ್ಮ ಲೆನ್ಸಿನ ಸಪ್ಪಳ,” ಅಂದೆ.

ಯಜಮಾನರು ಮತ್ತೊಮ್ಮೆ ವಿಡಿಯೋ ಹಚ್ಚಿ, ಪೂಜೆಗೆ ಕೂತ ಅಳಿಯನ ಮುಖಕ್ಕೆ ತಂದು ನಿಲ್ಲಿಸಿದರು.

“ಸಪ್ಪಳ ಲೆನ್ಸಿಂದ ಇರಲಿ. ಕಣ್ಣ ಮುಚ್ಚಿ ಬಾಯಿ ತಗದಾಂವ ಯಾರ್ರೀ?”

ಅಗಲ ಮಾಡುವ ಲೆನ್ಸು

ಇಕ್ಕಟ್ಟಾದ ಕೋಣೆಯಲ್ಲಿ ಎಲ್ಲರನ್ನೂ ಹಿಡಿಸುವುದು ಇದೇ. ಆದರೆ ಅಂಚಿನಲ್ಲಿ ನಿಂತವರನ್ನು ರೊಟ್ಟಿ ತಟ್ಟಿದಂತೆ ಅಗಲ ಮಾಡುತ್ತದೆ. ಕುಷ್ಟಗಿಯಲ್ಲಿ ಒಂದು ಸೀಮಂತದ ವಿಡಿಯೋ ಕೊಟ್ಟ ಮೇಲೆ ಆ ಮನೆಯ ಹಿರೇ ಸೊಸೆ ಸ್ಟುಡಿಯೋಕ್ಕೇ ಬಂದಳು.

“ಅಣ್ಣಾರ, ನಾ ನಿಮ್ಮ ಬಾಗಲದಾಗ ಹಾಯ್ದು ಒಳಗ ಬಂದೀನಿ. ನಿಮ್ಮ ವಿಡಿಯೋದಾಗ ಇದ್ದಾಕಿ ಹಾಯತಾಳೇನು?”

“ತಂಗೆವ್ವಾ, ನಿನ್ನ ತಪ್ಪಲ್ಲ. ಅಂಚಿಗೆ ನಿಂತವರು ಹಂಗ ಕಾಣ್ತಾರ. ನಡುವ ನಿಂತ್ರ ಇದ್ದಂಗ ಕಾಣ್ತಾರ,” ಅಂದೆ.

ಇದನ್ನು ಹೇಳಬಾರದಿತ್ತು. ಅದೇ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋದಾಗ, ಹೆಣ್ಣುಮಕ್ಕಳೆಲ್ಲ ಸಂತೆಯ ಬಸ್ಸು ಹತ್ತುವ ಹಾಗೆ ನಡುವಿಗೇ ನುಗ್ಗಿದರು. ತೊಟ್ಟಿಲು ಸರಿದು ಸರಿದು ಅಂಚಿಗೆ ಹೋಗಿ ನಿಂತಿತು. ವಿಡಿಯೋದಲ್ಲಿ ಎಲ್ಲರೂ ತೆಳ್ಳಗೆ, ಕೂಸು ಮಾತ್ರ ಕುಂಬಳಕಾಯಿ. ಕೂಸಿನ ಅಜ್ಜ ಒಬ್ಬನೇ ಖುಷಿಯಾದ.

“ನೋಡ್ರಿ, ನಮ್ಮ ಮನಿ ಹಾಲು ಎಷ್ಟ ಛಲೋ ಹತ್ತೇತಿ!”

ಉದ್ದನೆಯ ಲೆನ್ಸು

ದೂರದ್ದನ್ನು ಹತ್ತಿರ ತರುವ ಲೆನ್ಸು. ನಮ್ಮ ಕಡೆ ಲೆನ್ಸು ಎಷ್ಟು ಉದ್ದವೋ ಮನೆಯವರ ಮರ್ಯಾದೆ ಅಷ್ಟು ಉದ್ದ. ಶ್ರೀರಾಮನಗರದಲ್ಲಿ ಒಂದು ಗೃಹಪ್ರವೇಶ. ಸಣ್ಣ ಲೆನ್ಸು ಹಚ್ಚಿದ್ದನ್ನು ನೋಡಿ ಯಜಮಾನರ ಮುಖ ಸಣ್ಣದಾಯಿತು.

“ಉದ್ದಂದು ತಂದಿಲ್ಲೇನ್ರೀ? ಎದುರಿನ ಮನ್ಯಾಗ ಇಷ್ಟುದ್ದಂದು ತಂದಿದ್ರು.”

ಸರಿ, ಹಚ್ಚಿದೆ. ಅದರಲ್ಲಿ ಯಜಮಾನರ ಮೂಗೊಂದೇ ಕಾಣಿಸಿತು. ಇಡೀ ಮನುಷ್ಯ ಬರಲೆಂದು ಹಿಂದೆ ಸರಿದೆ. ಹೊಸ್ತಿಲು ದಾಟಿದೆ, ಅಂಗಳ ದಾಟಿದೆ, ರಸ್ತೆ ದಾಟಿ ಎದುರು ಮನೆಯ ಕಟ್ಟೆ ಏರಿದೆ. ಆಗ ಎಲ್ಲ ಸರಿಯಾಗಿ ಕಂಡಿತು. ಆ ಮನೆಯವರು ಒಳ್ಳೆಯ ಜನ. ಕಟ್ಟೆಗೆ ಬಂದವನನ್ನು ಬರಿಹೊಟ್ಟೆಯಲ್ಲಿ ಕಳಿಸಬಾರದೆಂದು ಪೂರಿ, ಪಲ್ಯ ತಂದಿಟ್ಟರು. ಅನ್ನ ಬೇಡ ಅನ್ನಬಾರದು. ಒಂದು ತುತ್ತು ಬಾಯಿಗಿಡುವಾಗ ಯಜಮಾನರು ಹೊರಗೆ ಬಂದರು.

“ನಮ್ಮ ಮನಿ ಶೂಟಿಂಗ್ ಮಾಡ್ರಿ ಅಂದ್ರ, ಅವರ ಮನ್ಯಾಗ ಉಣ್ಣಾಕ ಕುಂತೀರಲ್ರೀ!”

ಫ್ಯಾನಿನ ಗಾಳಿ

ಉಳಿದದ್ದು ನಾಲ್ಕನೆಯದು, ಚಹಾದ ಕಪ್ಪಿನಷ್ಟು ಇರುವ ಸಣ್ಣ ಲೆನ್ಸು. ಮಬ್ಬು ಬೆಳಕಿನಲ್ಲೂ ಸ್ವಚ್ಛ ಕಾಣುತ್ತದೆ, ಸಪ್ಪಳವೂ ಕಡಿಮೆ. ಆದರೆ ದೂರದ್ದನ್ನು ಹತ್ತಿರ ಎಳೆಯಲು ಬಾರದು, ನಾವೇ ನಡೆದು ಹೋಗಬೇಕು. ಅದಕ್ಕಿಂತ ದೊಡ್ಡ ಐಬು ಅಂದರೆ, ಕೈ ನಡುಕ ತಡೆಯುವ ಯಂತ್ರ ಅದರಲ್ಲಿಲ್ಲ. ನನ್ನ ಕೈ ಅಲುಗಿದರೆ ತಾಳಿಯೂ ಅಲುಗುತ್ತದೆ.

ಬುದ್ಧಿ ಓಡದಿದ್ದಾಗ ದೇವರನ್ನು ಕೇಳಬೇಕು. ಮನೆಯಲ್ಲಿ ಹನುಮಪ್ಪನ ಪಟದ ಮುಂದೆ ನಾಲ್ಕನ್ನೂ ಬಾಯಿ ಮೇಲೆ ಮಾಡಿ ಸಾಲಾಗಿ ಇಟ್ಟು, ಪಟದ ಮೇಲೆ ಹೂ ಏರಿಸಿ, ಅದು ಯಾವುದರ ಮೇಲೆ ಬೀಳುತ್ತದೋ ಅದೇ ಅಂತ ಪ್ರಸಾದ ಕೇಳಿದೆ. ಸ್ವಲ್ಪ ಹೊತ್ತಿಗೆ ಹೂ ಹಾರಿ ಬಂದು ಸಣ್ಣ ಲೆನ್ಸಿನ ಮೇಲೆಯೇ ಕೂತಿತು! ಕಣ್ಣಲ್ಲಿ ನೀರು ಬಂತು.

ಅಡುಗೆಮನೆ ಬಾಗಿಲಿಂದ ಹೆಂಡತಿ ಅಂದಳು: “ನಾ ಫ್ಯಾನ್ ಹಚ್ಚೀನ್ರೀ, ಸೆಕಿ ಭಾಳ ಆಗಿತ್ತು.”

“ಹಚ್ಚಬೇಕು ಅಂತ ನಿನಗ ಬುದ್ಧಿ ಕೊಟ್ಟಾಂವ ಯಾರು?”

“ಸೆಕಿ ಕೊಟ್ಟಾಂವನ.”

ನೋಡಿ, ಅವಳೂ ಒಪ್ಪಿದಳು.

ತಾಳಿ

ಮುಹೂರ್ತ ಬಂತು. ಅಕ್ಕಿಕಾಳು ಹಿಡಿದವರಿಗಿಂತ ಮೊಬೈಲ್ ಹಿಡಿದವರು ಹೆಚ್ಚು. ಎಲ್ಲರೂ ಎದ್ದು ನಿಂತರು, ನನಗೆ ಬರೀ ಬೆನ್ನು. ಲೆನ್ಸು ಹತ್ತಿರ ಹೋಗುವುದಿಲ್ಲ, ನಾನೇ ನುಗ್ಗಿದೆ. ಹಿಂದಿನವರು ನೂಕಿದ ರಭಸಕ್ಕೆ ಎಷ್ಟು ಹತ್ತಿರ ಹೋಗಿ ನಿಂತೆನೆಂದರೆ, ಚಿತ್ರದಲ್ಲಿ ಮದುಮಗಳ ಕೊರಳು ಮತ್ತು ಮದುಮಗನ ಎರಡು ಕೈ, ಅಷ್ಟೇ. ಅವನ ಕೈ ಗಡಗಡ ನಡುಗುತ್ತಿತ್ತು. ನನ್ನ ಕೈಯೂ ನಡುಗುವ ಸೂಚನೆ ಕಂಡಿತು. ಅಜ್ಜಿಯ ಮುಖ ನೆನಪಾಯಿತು. ಹನುಮಪ್ಪನನ್ನು ಬೇಡಿಕೊಂಡೆ. ಕ್ಯಾಮೆರಾದ ಮೈಕು ನನ್ನ ಬಾಯಿಯ ಪಕ್ಕದಲ್ಲೇ ಇರುತ್ತದೆಂಬುದು ಆಗ ನೆನಪಾಗಲಿಲ್ಲ.

ಅಜ್ಜಿಗೆ ತಡೆಯಲಾಗಲಿಲ್ಲ. ಮರುದಿನವೇ, ಇದ್ದದ್ದು ಇದ್ದ ಹಾಗೆ ತೋರಿಸಬೇಕೆಂದು ಹೇಳಿಕಳಿಸಿದಳು. ಕ್ಯಾಮೆರಾವನ್ನೇ ಟೀವಿಗೆ ಜೋಡಿಸಿದೆ. ಹೊಸ ಜೋಡಿ ಮಂಚದ ಹತ್ತಿರ ಕೂತಿತ್ತು. ಚಿತ್ರ ಕನ್ನಡಿಯಷ್ಟು ಸ್ವಚ್ಛ. ಮದುಮಗನ ಕೈ ನಡುಗುತ್ತಾ ತಾಳಿ ಹಿಡಿದು ಬಂತು. ಆಗ ವಾದ್ಯದ ಸಪ್ಪಳವನ್ನೂ ಮೀರಿ ಒಂದು ಧ್ವನಿ:

“ಹನುಮಪ್ಪಾ, ಕೈ ನಡುಗದಂಗ ಮಾಡಪಾ! ಇದೊಂದ ಸಲ ಪಾರು ಮಾಡು, ತಂದಿ!”

ಅಜ್ಜಿ ಎರಡೂ ಕೈ ಎತ್ತಿ ಮುಗಿದಳು. “ನನ್ನಪ್ಪಾ! ತಾಳಿ ಕಟ್ಟೂ ಮುಂದೂ ದೇವರ ಧ್ಯಾನ! ಮಂದಿ ಮಾತು ಕೇಳಿ ಇಂಥಾ ಹುಡುಗನ್ನ ಅನುಮಾನ ಮಾಡಿದ್ನಲ್ಲೋ!”

ಸುಳ್ಳಿಗೆ ಸಾಕ್ಷಿಯಾಗಬಾರದೆಂದು ಬಾಯಿಬಿಟ್ಟೆ. “ಯವ್ವಾ, ಅದು ನನ್ನ ಧ್ವನಿ. ನಾನ ಬೇಡಿಕೊಂಡಿದ್ದು.”

“ಸುಮ್ಮನಿರಪಾ. ನಡಗಾಕತ್ತಿದ್ದು ಅಂವನ ಕೈ. ಬೇಡಿಕೊಂಡಾಂವ ನೀ ಹೆಂಗಾಗ್ತಿ?”

ಹುಡುಗನ ಮುಖ ನೋಡಿದೆ. ಅವನು ಮದುಮಗಳ ಮುಖ ನೋಡಿದ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಅಜ್ಜಿ ಈಗ ಕೋಲು ಹಿಡಿದು ಓಡಾಡುತ್ತಾಳೆ. ಪ್ರತಿ ಶನಿವಾರ ಮುಂಜಾನೆ ಕುಷ್ಟಗಿಗೆ ಫೋನ್: “ಅಳಿಯಪ್ಪಾ, ಇವತ್ತ ಹನುಮಪ್ಪನ ವಾರ. ಗುಡಿಗೆ ಹೋಗಿ ಬಾ. ನಿನ್ನಂಥಾ ಭಕ್ತಗ ಹೇಳಬೇಕೇನು, ಒಪ್ಪತ್ತು ಇದ್ದೇ ಇರತಿ.”

ಮೊನ್ನೆ ಒಂದು ಶನಿವಾರ ಕುಷ್ಟಗಿಯ ಹನುಮಪ್ಪನ ಗುಡಿಯ ಮುಂದೆ ಆ ಹುಡುಗ ಸಿಕ್ಕ. ಹಣೆಗೆ ಸಿಂಧೂರ, ಬೈಕು ಪಕ್ಕಕ್ಕೆ ನಿಲ್ಲಿಸಿದ್ದ. ಹೂವು ಲೆನ್ಸು ಆರಿಸಿಕೊಟ್ಟ ಕಥೆ ಅವನಿಗೂ ಹೇಳಿದೆ. ಎದುರಿನ ಗಾಡಿಯಲ್ಲಿ ಮಿರ್ಚಿ ಎಣ್ಣೆಗೆ ಬೀಳುತ್ತಿತ್ತು. ಅದನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿ ನಿಟ್ಟುಸಿರುಬಿಟ್ಟ.

“ಅಣ್ಣಾರ, ಹನುಮಪ್ಪ ನಿಮಗ ಲೆನ್ಸ್ ಆರಿಸಿಕೊಟ್ಟಾ. ಉಪಾಸ ಮಾತ್ರ ನನಗ ಹಚ್ಚಿದಾ ನೋಡ್ರಿ!”