ಕಡತವಿಲ್ಲದ ಮನೆತನ

ಮೂಲೆಮನೆಯವರತ್ತ ಈ ಊರಿನಲ್ಲಿ ಯಾರೂ ಬೆರಳು ತೋರಿಸಿದ್ದಿಲ್ಲ ಎಂಬುದು ನಿರ್ವಿವಾದದ ಸಂಗತಿ. ಪುರಸಭೆಯ ಕಟ್ಟಡ ಉದ್ಘಾಟನೆಯಾದ ದಿನ ಆ ಮನೆಯ ಅಜ್ಜ ಎರಡನೆಯ ಸಾಲಿನ ಕುರ್ಚಿಯಲ್ಲಿ ಕೂತಿದ್ದರು. ಅವರ ಮಗ ನೋಟೀಸು ಬರುವ ಮೊದಲೇ ತೆರಿಗೆ ಕಟ್ಟಿ, ರಸೀದಿಗೆ ಗಾಜಿನ ಚೌಕಟ್ಟು ಹಾಕಿಸಿದರು. ಆ ಮನೆಗೆ ಅಳಿಯನಾಗಿ ಬಂದವರು ಬದುಕಿದ್ದಷ್ಟು ದಿನ ರಸ್ತೆಯ ಎಡಬದಿಯಲ್ಲೇ ನಡೆದು, ಎಡಬದಿಯ ಆಸ್ಪತ್ರೆಯಲ್ಲೇ ತೀರಿಕೊಂಡರು. ಈಗ ಮನೆಯ ಯಜಮಾನಿಕೆ ಅವರ ಹೆಂಡತಿಯದು. ಬೀದಿಯವರು ಆಕೆಯನ್ನು ಅಮ್ಮಾವ್ರು ಎನ್ನುತ್ತಾರೆ. ಕಾನ್ವೆಂಟಿನಲ್ಲಿ ಕಲಿತ ಅಮ್ಮಾವ್ರ ಬೆನ್ನು ಕುರ್ಚಿಗೆ ಒರಗಿದ್ದನ್ನು ಕಂಡವರಿಲ್ಲ.

ಮನೆಯ ಮುಂದಿನ ಕೋಣೆಗೆ ದೊಡ್ಡದೊಂದು ಕಿಟಕಿ ಇತ್ತು. ಅಲ್ಲಿ ಕೂತರೆ ಎರಡೂ ಬೀದಿಗಳು ಕಡೆಯ ಮನೆಯವರೆಗೆ ಕಾಣುತ್ತಿದ್ದವು. ತಿಂಗಳಿಗೊಮ್ಮೆ ಒಬ್ಬ ಸರಕಾರಿ ಸಾಹೇಬರು ಬಂದು, ಬೂಟು ಹೊರಗೆ ಬಿಟ್ಟು, ಆ ಕಿಟಕಿಯ ಪಕ್ಕ ಕೂತು ಚಹಾ ಕುಡಿದು ಕುಶಲ ವಿಚಾರಿಸಿ ಹೋಗುತ್ತಿದ್ದರು. ತಂದೆಯ ಕಾಲದಲ್ಲಿ ಇವರ ಹಿಂದಿನವರು ಬರುತ್ತಿದ್ದರು, ಅಜ್ಜನ ಕಾಲದಲ್ಲಿ ಅವರಿಗೂ ಹಿಂದಿನವರು. ಗೌರವಸ್ಥರ ಮನೆಗೆ ಸರಕಾರ ಹೀಗೆ ಬಂದುಹೋಗುವುದು ಲೋಕರೂಢಿ ಎಂದು ಅಮ್ಮಾವ್ರು ತಿಳಿದಿದ್ದರು. ಮತ್ತು ಕುಶಲ ಕೇಳಿದಾಗ ತಮ್ಮದೊಂದನ್ನೇ ಹೇಳಿಕೊಂಡು ಕೂರುವುದು ಸ್ವಾರ್ಥವಾದ್ದರಿಂದ, ಬೀದಿಯವರದನ್ನೂ ಮನೆ ಮನೆಯಾಗಿ ಹೇಳುತ್ತಿದ್ದರು.

ಹೀಗಿರುವಾಗ ಗುಪ್ತ ಮಾಹಿತಿ ಇಲಾಖೆಯ ಗುಮಾಸ್ತನೊಬ್ಬ, ಮೇಲಧಿಕಾರಿಗೆ ಕಳಿಸಬೇಕಾದ ಕಡತಗಳನ್ನು ನಲ್ಲಿ ನೀರಿನ ವೇಳೆ ತಿಳಿಸಲು ಇಟ್ಟುಕೊಂಡಿದ್ದ ಊರವರ ನಂಬರುಗಳಿಗೆಲ್ಲ ಕಳಿಸಿಬಿಟ್ಟ. ನೀರು ಎಷ್ಟು ಹೊತ್ತಿಗೆ ಎಂದು ಬೆಳಿಗ್ಗೆ ಫೋನು ತೆರೆದ ಊರಿಗೆ ತನ್ನ ಜಾತಕವೇ ಸಿಕ್ಕಿತು. ನೀರು ಮಾತ್ರ ಬರಲಿಲ್ಲ.

ಸರಕಾರ ಮಧ್ಯಾಹ್ನದೊಳಗೆ ಪ್ರಕಟಣೆ ಹೊರಡಿಸಿತು: "ಸದರಿ ಕಡತಗಳು ಅಸ್ತಿತ್ವದಲ್ಲಿ ಇರುವುದಿಲ್ಲ. ಅವುಗಳನ್ನು ಓದುವುದು ಶಿಕ್ಷಾರ್ಹ ಅಪರಾಧ. ಓದಿದವರು ತಮ್ಮ ಕಡತದಲ್ಲಿ ತಪ್ಪುಗಳಿದ್ದಲ್ಲಿ ಪರಿಹಾರ ಕೇಂದ್ರಕ್ಕೆ ಖುದ್ದಾಗಿ ಬಂದು ತಿದ್ದಿಸಿಕೊಳ್ಳತಕ್ಕದ್ದು."

ಓದುವ ತನಕ ಜನ ಕೆಂಡವಾಗಿದ್ದರು. ಓದಿದ ಮೇಲೆ ಮುಖ ಅರಳಿತು. ಎದುರುಮನೆಯ ದರ್ಜಿಯ ಕಡತದಲ್ಲಿ 'ಬುದ್ಧಿವಂತ, ಆದಕಾರಣ ಅಪಾಯಕಾರಿ' ಎಂದಿತ್ತು. ಮದುವೆಯಾದಂದಿನಿಂದ ಅವನನ್ನು ಯಾರೂ ಬುದ್ಧಿವಂತ ಎಂದಿರಲಿಲ್ಲ. ಅವನು ಆ ಸಾಲನ್ನು ಬಟ್ಟೆಯ ಮೇಲೆ ಹೊಲಿದು ಅಂಗಡಿಯ ಮುಂದೆ ತೂಗುಹಾಕಿದ. ಇಲಾಖೆ ಊರನ್ನೆಲ್ಲ ನಿಗಾದ ದರ್ಜೆಗಳಾಗಿ ವಿಂಗಡಿಸಿತ್ತು. ಒಂದನೇ ದರ್ಜೆಯವರು ಮೂರನೇ ದರ್ಜೆಯವರ ನಮಸ್ಕಾರಕ್ಕೆ ತಲೆಯಾಡಿಸುವುದನ್ನು ಬಿಟ್ಟರು. ಬಾಡಿಗೆ ಮನೆಗಳ ಬಾಗಿಲಲ್ಲಿ 'ಎರಡನೇ ದರ್ಜೆಗೆ ಕಡಿಮೆಯಿಲ್ಲದವರು ವಿಚಾರಿಸಿ' ಎಂಬ ಬೋರ್ಡು ಬಂತು. ಗಿರಣಿ ಕಾರ್ಮಿಕರ ಹಳೆಯ ಮುಖಂಡ ಗುಡುಗಜ್ಜನ ಗತಿ ಮಾತ್ರ ಯಾರಿಗೂ ಬೇಡ. ಆಯುಷ್ಯವಿಡೀ ಜೈಲಿಗೆ ಹೋಗಿ ಬಂದ ಆತನ ಕಡತದಲ್ಲಿ 'ನಿರುಪದ್ರವಿ' ಎಂಬ ಒಂದೇ ಪದವಿತ್ತು. ಆತ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟ.

ಮೂಲೆಮನೆಯ ಎರಡೂ ಬೀದಿಗಳವರ ಎಲ್ಲ ಕಡತಗಳ ಕೊನೆಯಲ್ಲೂ 'ತಿಳಿಸಿದವರು: ಮೂಲ ಏಳು' ಎಂದಿತ್ತು. ಅದು ಅಂಚೆಯವನೇ ಇರಬೇಕೆಂದು ಬೀದಿ ಒಮ್ಮತದಿಂದ ತೀರ್ಮಾನಿಸಿತು. ಅವನಿಗೆ ಪೆಟ್ಟು ಬೀಳಲಿಲ್ಲ. ಮುಂದಿನ ಸಲ ಎರಡು ಒಳ್ಳೆಯ ಮಾತು ಸೇರಿಸಲಿ ಎಂದು ಮನೆಮನೆಯಲ್ಲೂ ಕೂರಿಸಿ ಉಪಚರಿಸಿದರು. ಕಾಗದಪತ್ರ ಹಂಚುವುದಕ್ಕೇ ಅವನಿಗೆ ಹೊತ್ತು ಸಾಲದಾಯಿತು.

ಮೂಲೆಮನೆಯವರ ಹೆಸರಿನಲ್ಲಿ ಕಡತ ಇರಲಿಲ್ಲ.

ಇದು ಹೆಮ್ಮೆಯ ವಿಷಯವೆಂದೇ ಅಮ್ಮಾವ್ರು ಎಣಿಸಿದ್ದರು, ಔಷಧಿ ಅಂಗಡಿಯವರು ಬರುವವರೆಗೆ. ಅವರ ಮಗನಿಗೂ ಅಮ್ಮಾವ್ರ ಮಗಳಿಗೂ ಮದುವೆಯ ಮಾತು ಮುಗಿದು, ದಿನ ಗೊತ್ತುಮಾಡುವುದೊಂದೇ ಬಾಕಿ ಇತ್ತು. ಒಬ್ಬಳೇ ಮಗಳು; ಈ ಸಂಬಂಧ ತಪ್ಪಿದರೆ ಮೂರು ತಲೆಮಾರಿನ ಮರ್ಯಾದೆ ಬೀದಿಪಾಲು.

"ತಪ್ಪು ತಿಳೀಬೇಡಿ ಅಮ್ಮಾವ್ರೇ," ಎಂದರು ಅವರು, ಕುರ್ಚಿಯ ತುದಿಯಲ್ಲಿ ಕೂತು. "ನಮ್ಮದು ಎರಡನೇ ದರ್ಜೆ. ನನ್ನ ತಮ್ಮಂದು ಒಂದನೇದು, ಅವನು ಕೆಮ್ಮಿದ್ರೂ ಬರ್ಕೋತಾರೆ. ನಿಮ್ಮದು ಹುಡುಕಿದ್ವಿ, ಸಿಗಲಿಲ್ಲ."

"ನಮ್ಮದಿಲ್ಲ. ನಾವು ಮಾನವಂತರು."

"ನಮ್ಮ ಮನೆಯವಳೂ ಅದೇ ಹೇಳಿದ್ಲು, ಪಾಪ, ಮಾನವಂತರು ಅಂತ. ಆದ್ರೆ ಇಷ್ಟು ಕಾಲದಿಂದ ಇದ್ದೂ ಸರಕಾರದ ಕಣ್ಣಿಗೇ ಬಿದ್ದಿಲ್ಲ ಅಂದ್ರೆ, ನೆಂಟರು ಆಡ್ಕೊಳಲ್ವಾ? ಸಣ್ಣದಾದ್ರೂ ಪರವಾಗಿಲ್ಲ, ಒಂದು ಕಡತ ಮಾಡಿಸ್ಕೊಳ್ಳಿ. ಆಮೇಲೆ ದಿನ ನೋಡೋಣ."

ಅವರು ಹೋದ ಮೇಲೂ ಮಗಳು ಬಾಗಿಲಿಗೆ ಒರಗಿ ಫೋನು ನೋಡುತ್ತಲೇ ಇದ್ದಳು. ಅವಳು ಓದುತ್ತಿದ್ದುದು ದರ್ಜಿಯ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗನ ಕಡತ. ಅಚ್ಚುಕೂಟಕ್ಕೆ ಕರಡು ತಿದ್ದಿಕೊಡುತ್ತಿದ್ದ ಅವನನ್ನು ಹೋದ ವರ್ಷ ಜೀಪಿನಲ್ಲಿ ಬಂದವರು ಕರೆದೊಯ್ದಿದ್ದರು. ಅವನಿಗೆ ಸಿಕ್ಕಿದ್ದು ಒಂದನೇ ದರ್ಜೆಗೂ ಮೇಲಿನ ವಿಶೇಷ ದರ್ಜೆ, ಊರಿನಲ್ಲಿ ಇನ್ನಾರಿಗೂ ಇಲ್ಲದ್ದು. ಹೆಮ್ಮೆಪಡಲು ಅವನು ಊರಲ್ಲಿರಲಿಲ್ಲ, ಅಷ್ಟೇ.

"ಅಮ್ಮ, ಇವನ ಕಡತದಲ್ಲಿ ಇರೋದು ಒಂದೇ ಸಾಲು," ಎಂದಳು ಮಗಳು. "ರಾತ್ರಿ ಬಹಳ ಹೊತ್ತು ದೀಪ ಉರಿಯುತ್ತದೆ ಅಂತ."

"ನೋಡು, ದೀಪ ಆರಿಸೋದು ಗೊತ್ತಿಲ್ಲದವನಿಗೆ ವಿಶೇಷ ದರ್ಜೆ. ನಮಗೆ ಏನೂ ಇಲ್ಲ," ಎಂದು ಅಮ್ಮಾವ್ರು ಕೊಡೆ ತೆಗೆದುಕೊಂಡು ಪರಿಹಾರ ಕೇಂದ್ರಕ್ಕೆ ಹೊರಟರು.

ಕೇಂದ್ರದಲ್ಲಿ ಸಾಲು ಬೀದಿಯವರೆಗೆ ಬೆಳೆದಿತ್ತು. ಮುಂದಿದ್ದ ಬೇಕರಿಯವನು, ತನ್ನ ಮೇಲೆ ನಿಗಾ ಇಟ್ಟಿದ್ದು ಸಾಲದೆಂದು ಅರ್ಜಿ ತಂದಿದ್ದ. ಅವನ ಹಿಂದಿದ್ದವಳು, ತನ್ನ ನಾದಿನಿಯನ್ನು ತನಗಿಂತ ಮೇಲಿನ ದರ್ಜೆಗೆ ಏರಿಸಿದ್ದು ಯಾವ ನ್ಯಾಯ ಎಂದು ಕೇಳಲು ಬಂದಿದ್ದಳು. ಅಮ್ಮಾವ್ರ ಸರದಿ ಬಂದಾಗ ಮೇಜಿನ ಹಿಂದಿನ ಅಧಿಕಾರಿ ತಲೆಯೆತ್ತದೆ ಹೇಳಿದ:

"ನಿಮ್ಮ ಹೆಸರಲ್ಲಿ ಏನೂ ಇಲ್ಲಮ್ಮ."

"ಸರಿಯಾಗಿ ಹುಡುಕಿ."

"ಹುಡುಕೋಕೆ ನೀವು ಏನಾದ್ರೂ ಮಾಡಿರಬೇಕಲ್ಲ. ಗಂಡ?"

"ಎಡಬದಿಯಲ್ಲೇ ನಡೆಯುತ್ತಿದ್ದರು."

"ಅಯ್ಯೋ ಪಾಪ. ಮನೆ ಎಲ್ಲಿ?"

"ಮೂಲೆಮನೆ."

ಅಧಿಕಾರಿಯ ಲೇಖನಿ ನಿಂತಿತು. "ಎರಡೂ ಬೀದಿ ಕಾಣೋ ಕಿಟಕಿ ಇದೆಯಲ್ಲ, ಅದಾ?"

"ಅದೇ."

ಅವನು ಎದ್ದು ನಿಂತ. ಅವನು ನಿಂತದ್ದನ್ನು ಕಂಡು ಕಚೇರಿಯೇ ನಿಂತಿತು. "ಅಮ್ಮಾವ್ರೇ, ನಿಮಗ್ಯಾಕೆ ಕಡತ? ನಿಮ್ಮ ಎರಡೂ ಬೀದಿಯ ಕಡತ ಎಲ್ಲಾ ನಿಮ್ಮದೇ ಮಾತು. ಮೂಲ ಏಳು ನೀವೇ!" ಎಂದು, ಸೋರದೆ ಉಳಿದಿದ್ದ ಒಂದೇ ಹಾಳೆಯನ್ನು ಭಕ್ತಿಯಿಂದ ಮುಂದಿಟ್ಟ. ಅಮ್ಮಾವ್ರು ಕನ್ನಡಕ ಹಾಕಿಕೊಂಡು ಓದಿದರು:

'ಮೂಲ ಏಳು. ಮೂಲೆಮನೆಯ ಹೆಂಗಸು. ಬೇರೆ ಕೆಲಸವಿಲ್ಲ. ಮನೆತನವನ್ನು ಹೊಗಳಿದರೆ ಕೇಳದ್ದನ್ನೂ ಹೇಳುತ್ತಾಳೆ. ಇಲಾಖೆಗೆ ವೆಚ್ಚ: ಇಲ್ಲ. ಚಹಾ, ಬಿಸ್ಕತ್ತು ಅವಳದೇ.'

ಸುದ್ದಿ ಅಮ್ಮಾವ್ರಿಗಿಂತ ಮೊದಲೇ ಮನೆ ಸೇರಿತ್ತು. ಗೇಟಿನ ಮುಂದೆ ಬೀದಿಗೆ ಬೀದಿಯೇ ನೆರೆದಿತ್ತು. ಕಲ್ಲು ಹಿಡಿದವರು ಯಾರೂ ಇರಲಿಲ್ಲ. ದರ್ಜಿ ಕೈಮುಗಿದು, "ನನ್ನನ್ನ ಬುದ್ಧಿವಂತ ಅಂದಿದ್ದು ನೀವಾ ಅಮ್ಮಾವ್ರೇ! ಇವಳಿಗೂ ಒಂದ್ಸಲ ಬಾಯಿಬಿಟ್ಟು ಹೇಳಿ," ಎಂದು ಹೆಂಡತಿಯನ್ನು ಮುಂದೆ ತಳ್ಳಿದ. ಅಂಚೆಯವನು, ತಾನು ತಿಂದದ್ದನ್ನು ಯಾರಾದರೂ ವಾಪಸು ಕೇಳಿಯಾರೆಂದು, ಆ ಬೀದಿಯನ್ನೇ ಬಿಟ್ಟು ಸುತ್ತು ದಾರಿ ಹಿಡಿದ. ಸಿಟ್ಟಾಗಿದ್ದವನು ಗುಡುಗಜ್ಜನೊಬ್ಬನೇ.

"ನಿರುಪದ್ರವಿ ಅಂದ್ರಲ್ಲಮ್ಮ! ನನ್ನ ಕೈಗೆ ಬೇಡಿ ಹಾಕಿ ಕರ್ಕೊಂಡ್ ಹೋಗಿದ್ದು ನಿಮ್ಮ ಕಿಟಕಿ ಮುಂದೇನೇ!"

"ಬೇಡಿ ಹಾಕಿದ ಕೈಯಲ್ಲೂ ತಿರುಗಿ ನಿಮ್ಮ ಮನೆ ಗೇಟು ಹಾಕಿ ಹೋದಿರಿ," ಎಂದರು ಅಮ್ಮಾವ್ರು. "ಇನ್ನೇನು ಹೇಳಲಿ ನಾನು?"

ಔಷಧಿ ಅಂಗಡಿಯವರು ಜನರನ್ನು ಸರಿಸಿಕೊಂಡು ಬಂದರು. ಮೂಲ ಎಂದರೆ ಎಲ್ಲ ದರ್ಜೆಗಳಿಗೂ ಮೇಲು, ದರ್ಜೆ ಹಂಚುವವರೇ ಅವರಲ್ಲವೇ ಎಂದು ಅಲ್ಲೇ ತೀರ್ಪು ಕೊಟ್ಟು, ಮದುವೆಯ ದಿನವನ್ನೂ ಗೊತ್ತುಮಾಡಿದರು. "ನನ್ನ ತಮ್ಮನ ಬಗ್ಗೆ ಏನಾದ್ರೂ ಬೇಕಿದ್ರೆ ಕೇಳಿ, ಸಂಕೋಚ ಬೇಡ. ಈಗ ಮನೆಯವರೇ ಆದ್ವಲ್ಲ," ಎಂದೂ ಸೇರಿಸಿದರು. ಜನ ಚಪ್ಪಾಳೆ ತಟ್ಟಿ, ಕಿಟಕಿಯಿಂದ ಚೆನ್ನಾಗಿ ಕಾಣುವ ಬದಿಯಲ್ಲೇ ನಡೆದು ಮನೆಗೆ ಹೋದರು.

ಒಳಗೆ ಮಗಳು ಅದೇ ಕಿಟಕಿಯ ಮುಂದೆ ನಿಂತು ದರ್ಜಿಯ ಮಹಡಿಯನ್ನು ನೋಡುತ್ತಿದ್ದಳು.

"ಅಮ್ಮ, ದೀಪದ ಮಾತು ನೀನೇ ಹೇಳಿದ್ದಾ?"

"ಕೇಳಿದರು, ಹೇಳಿದೆ. ಸುಳ್ಳು ಹೇಳೋದು ನಮ್ಮ ಮನೆತನದಲ್ಲಿಲ್ಲ. ದೀಪ ಉರೀತಿತ್ತೋ ಇಲ್ಲವೋ?"

"ಉರೀತಿತ್ತು. ನಾನೂ ನೋಡ್ತಿದ್ದೆ, ದಿನಾ." ಮಗಳು ಕಿಟಕಿಯಿಂದ ಇತ್ತ ತಿರುಗಿದಳು. "ಅವನು ಇನ್ನೂ ಬಂದಿಲ್ಲ ಅಮ್ಮ. ಎಲ್ಲಿದ್ದಾನೆ ಅಂತಾನೂ ಯಾರಿಗೂ ಗೊತ್ತಿಲ್ಲ. ಯಾರಾದ್ರೂ ಕ್ಷಮೆ ಕೇಳಬೇಕಲ್ವಾ?"

ಅಮ್ಮಾವ್ರ ಕಣ್ಣ ಮುಂದೆ ಕೇಂದ್ರದಲ್ಲಿ ಓದಿದ ಆ ಹಾಳೆ ಮತ್ತೆ ಬಂದು ನಿಂತಿತು. ಅವರ ಬೆನ್ನು ಇನ್ನಷ್ಟು ನೆಟ್ಟಗಾಯಿತು.

"ಖಂಡಿತ ಕೇಳಬೇಕು," ಎಂದರು. ಮೇಜಿನ ಮುಂದೆ ಕೂತು, ಕಾನ್ವೆಂಟಿನಲ್ಲಿ ಕಲಿತ ದುಂಡು ಅಕ್ಷರದಲ್ಲಿ, ಇಲಾಖೆಯ ಮುಖ್ಯಸ್ಥರಿಗೆ ಬರೆದರು:

"ನಮ್ಮ ಅಜ್ಜನವರ ಕಾಲದಿಂದ ನಮ್ಮ ಮನೆ ಸರಕಾರಕ್ಕೆ ಕುಶಲ ತಿಳಿಸುತ್ತ ಬಂದಿದೆ. ಪ್ರತಿಫಲ ಕೇಳಿಲ್ಲ, ಮುಂದೆಯೂ ಕೇಳುವುದಿಲ್ಲ. ಸಾಹೇಬರು ಎಂದಿನಂತೆ ಬರಬಹುದು. ಆದರೆ ನನ್ನನ್ನು ಬೇರೆ ಕೆಲಸವಿಲ್ಲದ ಹೆಂಗಸು ಎಂದು ಬರೆದಿದ್ದೀರಿ. ಎರಡು ಬೀದಿಗಳನ್ನು ನೋಡುವುದು ಕೆಲಸವಲ್ಲವೇ? ಇಲಾಖೆಯು ಕೂಡಲೇ ನನ್ನಲ್ಲಿ ಲಿಖಿತವಾಗಿ ಕ್ಷಮೆ ಕೇಳತಕ್ಕದ್ದು."