ನೆಟ್ಟಗೆ ನಿಂತ ಉದಾಹರಣೆಗಳು

ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ಸುಮ್ಮನಿರಲಾರದ ರೋಗ ನನ್ನದು. ನರಗುಂದದಲ್ಲಿ ಮೂವತ್ತು ವರ್ಷ ಡ್ರಿಲ್ ಮಾಸ್ತರನಾಗಿದ್ದೆ. ನಿವೃತ್ತಿಯಾದ ಮೇಲೆ ಸಾಲು ಹಚ್ಚಲು ಮಕ್ಕಳು ಸಿಗದೆ ಚಪ್ಪಲಿ, ಚೆಂಬುಗಳಿಗೆ ಕವಾಯತು ಮಾಡಿಸುತ್ತಿದ್ದೇನೆ. "ಬದನಿಕಾಯಿ ಸಾಲಾಗಿ ನಿಂದ್ರಸಬ್ಯಾಡ್ರಿ, ಅವನ್ನ ನಾ ಹೆಚ್ಚೂದೈತಿ" ಎಂದು ಹೆಂಡತಿ ಬೇಡಿಕೊಂಡದ್ದುಂಟು.

ಹೀಗಿರುವಾಗ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಕ್ಲಾಸು ನಡೆಸುವ ರೆಹಾನಾ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ತಾನು ಬರೆದ ಮೊದಲ ಪುಸ್ತಕವನ್ನು ಪರದೆಯ ಮೇಲೆ ತೆರೆದಿಟ್ಟು, "ಕನ್ನಡದಾಗ ತಪ್ಪಿದ್ರ ತಿದ್ರಿ ಸರ" ಎಂದಳು. ಕನ್ನಡದ ತಪ್ಪು ನಾಲ್ಕೇ ಸಿಕ್ಕವು. ಆದರೆ ನಡುನಡುವೆ ಕೊಟ್ಟ ಪೈಥಾನ್ ಉದಾಹರಣೆಗಳ ಗತಿ! ಒಂದು ಗೆರೆ ಮುಂದೆ, ಒಂದು ಒಳಗೆ, ಇನ್ನೊಂದು ಮತ್ತೂ ಒಳಗೆ. ಪ್ರಾರ್ಥನೆಗೆ ತಡವಾಗಿ ಬಂದು ಅವಿತು ನಿಂತವರ ಹಾಗೆ. ಎರಡು ದಿನ ಕೂತು ಎಲ್ಲವನ್ನೂ ಎಡಕ್ಕೆ ಎಳೆದು ನೆಟ್ಟಗೆ ನಿಲ್ಲಿಸಿದೆ. ಅವಳಿಗೆ ಹೇಳಲಿಲ್ಲ, ಮಾಡಿದ ಸೇವೆ ಹೇಳಿಕೊಳ್ಳಬಾರದು.

ಶನಿವಾರ ನಾಲ್ಕರ ಬಸ್ಸಿಗೆ ಅದು ಗದಗಿನ ಮುದ್ರಣಾಲಯಕ್ಕೆ ಹೋಗಬೇಕು. ತಪ್ಪಿದರೆ ಸರದಿ ಒಂದು ತಿಂಗಳು ಮುಂದಕ್ಕೆ, ಹೊಸ ಬ್ಯಾಚಿಗೆ ಪುಸ್ತಕವಿಲ್ಲ. ಎರಡು ಗಂಟೆಗೆ ರೆಹಾನಾ ಕೊನೆಯ ಪರೀಕ್ಷೆ ಎಂದು ಗುಂಡಿ ಒತ್ತಿದಳು. ಪ್ರತಿ ಉದಾಹರಣೆಯನ್ನೂ ಕಂಪ್ಯೂಟರ್ ತಾನೇ ಓದಿ, ನಡೆಸಿ, ಕೆಳಗೆ ಬರೆದ ಉತ್ತರದೊಡನೆ ತಾಳೆ ನೋಡುತ್ತದಂತೆ. ಪರದೆಯ ತುಂಬ ದೂರುಗಳು ಸುರಿದವು.

"ಯಾ ಅಲ್ಲಾ! ಮೊನ್ನೆ ಎಲ್ಲಾ ಪಾಸಿದ್ವು. ಯಾರ್ರಿ ಸರ ಹಿಂಗ ನಿಂದ್ರಿಸಿದವ್ರು?"

"ಸೊಟ್ಟ ಇದ್ವು. ನಾನ ನೆಟ್ಟಗ ಮಾಡೀನಿ."

"ಒಳಗ ಸರದು ನಿಂತ್ರನ ಸರ, ಯಾವ ಗೆರಿ ಯಾವುದರ ಕೈಕೆಳಗ ಐತಿ ಅಂತ ಇದಕ್ಕ ತಿಳಿಯೂದು!"

ನಾನು ಕೈಯಾಡಿಸುವ ಮೊದಲಿನದೆಂದು ಉಳಿದದ್ದು ಕಾಗದದ ಒಂದೇ ಹಳೆಯ ಪ್ರತಿ. ಅದನ್ನು ಹಿಡಿದು ನಾನು "ನಾಲ್ಕು ಹೆಜ್ಜೆ ಒಳಗ, ನಿಲ್ಲ್!" ಎಂದು ಕೂಗುವುದು, ಅವಳು ಗೆರೆ ಸರಿಸುವುದು. ನಿವೃತ್ತಿಯ ನಂತರ ಅಷ್ಟು ಸುಖಪಟ್ಟದ್ದಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಮತ್ತೆ ಗುಂಡಿ. ಕಂಪ್ಯೂಟರ್ ತುಟಿ ಪಿಟಕ್ಕೆನ್ನಲಿಲ್ಲ.

"ಕೆಟ್ಟತೇನ?" ಎಂದೆ.

"ಪಾಸಾತ್ರಿ ಸರ! ತಪ್ಪಿದ್ರ ಅಷ್ಟ ಬೈತೈತಿ, ಸರಿ ಇದ್ರ ಸುಮ್ನಿರತೈತಿ. ಥೇಟ್ ನೀವ! ಮೂರು ವರ್ಷ ಎಲ್ಲಾರ್ಗಿಂತ ಮೊದ್ಲ ಬಂದು ಸಾಲಿನ್ಯಾಗ ನಿಂತೀನಿ, ಒಮ್ಮೆರೆ ಶಾಬಾಸ್ ಅಂದೀರೇನು?"

"ಬಸ್ಸಿಗೆ ಹೊತ್ತಾತು, ನಡಿ" ಎಂದೆ. ಪುಸ್ತಕ ಹಿಡಿದು ಅವಳು ಹತ್ತಿದ ಬಸ್ಸು ಹೊರಟ ಮೇಲೆ ತಡೆಯಲಾಗದೆ ಹಿಂದೆ ಓಡಿ, ಕವಾಯತಿನ ದನಿಯಲ್ಲಿ "ಶಾಬಾಸ್!" ಎಂದು ಕೂಗಿದೆ. ಕಿಟಕಿಯಲ್ಲಿ ರೆಹಾನಾ ನಕ್ಕಳು. ಬಾಗಿಲಲ್ಲಿದ್ದ ಕಂಡಕ್ಟರ್ ತನಗೇ ಎಂದುಕೊಂಡು ಸಲಾಮು ಹೊಡೆದ. ಗಡಿಯಾರ ನೋಡಿದೆ: ಬಸ್ಸು ಮೂರು ನಿಮಿಷ ತಡ. ಹೇಳಿಬಿಡೋಣವೆಂದು ಬಾಯಿ ತೆರೆದವನು, ಜೀವನದಲ್ಲಿ ಮೊದಲ ಸಲ, ಮುಚ್ಚಿಕೊಂಡೆ.